ಚಾವಡಿಯ ಸುಣ್ಣ

"ಗುರುಗಳೇ, ಸಿಟ್ಟನ್ನು ಗೆದ್ದೆ ಅಂದುಕೊಳ್ಳುತ್ತೇನೆ, ಮರುದಿನ ಮತ್ತೆ ಬರುತ್ತದೆ. ಒಮ್ಮೆ ಗೆದ್ದರೆ ಅದರ ಗೊಡವೆಯೇ ಇರಬಾರದು. ಅಂಥ ಉಪಾಯವಿಲ್ಲವೇ?" ಎಂದು ಶಿಷ್ಯ ಕೇಳಿದ.

ಗುರು ನಕ್ಕರು. "ಭಲೇ! ನಿನ್ನಂಥವನೇ ಒಬ್ಬ ಗಾರೆಯವನಿದ್ದ, ಕೇಳು" ಎಂದರು.

ಒಂದೂರಿನಲ್ಲಿ ಒಂದು ಚಾವಡಿ ಇತ್ತು. ಒಂದೇ ಕೋಣೆಯ ಕಚೇರಿ. ಮಣ್ಣಿನ ಗೋಡೆ, ಸುಣ್ಣದ ಗಾರೆ. ಊರಿನ ಹೊಲಗದ್ದೆಗಳ ಕಾಗದಪತ್ರಗಳೆಲ್ಲ ನಾಲ್ಕು ತಲೆಮಾರಿನಿಂದ ಅಲ್ಲೇ ಇದ್ದವು. ಯುಗಾದಿಗೆ ಮನೆಗೆ ಸುಣ್ಣ ಬಳಿಯುವವರು ಒಂದೊಂದು ಗಡಿಗೆ ತಂದು ಚಾವಡಿಗೂ ಬಳಿಯುತ್ತಿದ್ದರು. ಅದು ಊರಿನ ಪದ್ಧತಿ.

ಗಾರೆಯವನಿಗೆ ಚಾವಡಿ ಎಂದರೆ ಪ್ರಾಣ. ಅದನ್ನು ಕಟ್ಟಿದವನು ಅವನ ಮುತ್ತಜ್ಜ. ವರ್ಷವರ್ಷವೂ ಈ ರಗಳೆ ಏಕೆ ಎಂದುಕೊಂಡು ಅವನು ಗೋಡೆಯ ಒಳಗೂ ಹೊರಗೂ ಸಿಮೆಂಟು ಮೆತ್ತಿದ. "ಇನ್ನು ನೂರು ವರ್ಷ ಯಾರೂ ಕೈ ಹಚ್ಚಬೇಕಾಗಿಲ್ಲ" ಎಂದು ಬೀಗಿದ. ಊರವರೂ ಪೀಡೆ ಕಳೆಯಿತೆಂದು ಗಡಿಗೆ ಬೋರಲು ಹಾಕಿದರು.

ಎರಡು ಮಳೆಗಾಲ ಕಳೆಯಿತು. ನೆಲದಿಂದ ಏರಿದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆಯಲ್ಲೇ ನಿಂತಿತು. ಸಿಮೆಂಟು ಹಪ್ಪಳದಂತೆ ಉಬ್ಬಿ ಎದ್ದಿತು. ಕಾಗದಗಳಿಗೆ ಬೂಸ್ಟು ಹಿಡಿಯಿತು. ಅಮಲ್ದಾರರು ಬಂದು ನೋಡಿ, "ಯುಗಾದಿಯೊಳಗೆ ಗೋಡೆ ಒಣಗದಿದ್ದರೆ ಕೆಡವಿಬಿಡಿ" ಎಂದರು. ಅಯ್ಯೋ, ಉಳಿಸಲು ಹೋಗಿ ನಾನೇ ಕೊಂದೆನಲ್ಲ ಎಂದು ಗಾರೆಯವನು ಮರುಗಿದ.

ಸುಣ್ಣ ಸುಡುವ ಮುದುಕಿಯ ಬಳಿಗೆ ಓಡಿದ. ಅವಳು, "ಕಂಬಳಿ ಹೊದಿಸಿ ಬೆವರಬೇಡ ಅಂದರೆ ಆಗುತ್ತದೇನೋ, ಹುಚ್ಚಪ್ಪಾ? ಮೊದಲು ಆ ಸಿಮೆಂಟು ಕಿತ್ತು ಹಾಕು. ಸುಣ್ಣ ನಾನು ಕೊಡುತ್ತೇನೆ" ಎಂದಳು.

ಅವನು ನಾಚಿಕೆ ಬಿಟ್ಟು ಮನೆಮನೆಗೂ ಹೋಗಿ ತಪ್ಪೊಪ್ಪಿಕೊಂಡ. ಊರವರು ಬೈದರು. ಬೈಯುತ್ತಲೇ ಬಂದು ಸಿಮೆಂಟು ಕಿತ್ತರು. ಚಳಿಗಾಲದ ಬಿಸಿಲಿಗೆ ಗೋಡೆ ಒಣಗಿತು, ಹೊಸ ಗಾರೆ ಹಿಡಿಯಿತು. ಹಬ್ಬ ಹತ್ತಿರವಾದಾಗ ಎಲ್ಲ ಮನೆಗಳಿಂದಲೂ ಸುಣ್ಣ ಬಂತು. ಅಮಲ್ದಾರರು ಗೋಡೆಗೆ ಅಂಗೈ ಇಟ್ಟು ನೋಡಿದರು, ಒಳಗೆ ಹೋಗಿ ತಮ್ಮ ಜಾಗದಲ್ಲಿ ಕುಳಿತರು. ಆ ಹಬ್ಬದಲ್ಲಿ ಗಾರೆಯವನಿಗೆ ಎರಡು ಹೋಳಿಗೆ ಹೆಚ್ಚೇ ಇಳಿಯಿತು.

ಶಿಷ್ಯನಿಗೆ ಕೇಳಿ ಹಿಗ್ಗಾಯಿತು. "ಸದ್ಯ, ಚಾವಡಿ ಉಳಿಯಿತಲ್ಲ ಗುರುಗಳೇ!" ಎಂದ.

ಗುರು ಹೇಳಿದರು: "ಆ ವರ್ಷಕ್ಕೆ ಉಳಿಯಿತು."