ಹಳ್ಳದ ಸೂತಕ

ಒಂದು ಭಾನುವಾರ ಬೆಳಿಗ್ಗೆ ತ್ರಯಂಬಕ ತಲೆ ಬೋಳಿಸಿಕೊಂಡು ಬಂದು ಗುರುಗಳ ಮುಂದೆ ನಿಂತ.

ಆಶ್ರಮ ಅಂದರೆ ದೊಡ್ಡದೇನಲ್ಲ. ಹಳ್ಳದ ದಡದಲ್ಲಿ ಮೂರು ಗುಡಿಸಲು, ಒಂದು ಬಾವಿ, ಒಬ್ಬ ಗುರು, ಒಬ್ಬ ಶಿಷ್ಯ. ಶಿಷ್ಯರು ನೂರು ಜನ ಇದ್ದರು ಅಂತ ಹೇಳುವವರೂ ಇದ್ದಾರೆ. ನಾನೇ ಒಂದೆರಡು ಕಡೆ ಹಾಗೆ ಹೇಳಿದ್ದೇನೆ.

“ಯಾರಪ್ಪಾ ಹೋದದ್ದು?” ಗುರುಗಳು ಕೇಳಿದರು.

“ಹಳ್ಳ ಹೋಯಿತು, ಗುರುಗಳೇ. ನಿನ್ನೆ ಕೊನೆಯ ಗುಂಡಿಯೂ ಬತ್ತಿತು. ಇನ್ನೂ ಮಾಘ ಮುಗಿದಿಲ್ಲ. ನಾನು ಇಲ್ಲಿಗೆ ಬಂದ ವರ್ಷ ಯುಗಾದಿಗೂ ಎದೆಮಟ್ಟ ನೀರಿತ್ತು.”

ಗುರುಗಳು ನಗಲಿಲ್ಲ.

“ವಯಸ್ಸೆಷ್ಟಾಗಿತ್ತು?”

“ಹಳ್ಳದ ವಯಸ್ಸು ಯಾರಿಗೆ ಗೊತ್ತು?”

“ಕ್ರಿಯೆಗೆ ಕೂರುವವರು ಯಾರು?”

“ನಾನೇ.”

“ಸರಿ. ಹತ್ತು ದಿನ ಸೂತಕ. ದೇವರ ಮನೆ ಮುಟ್ಟಬೇಡ, ಒಲೆ ಮುಟ್ಟಬೇಡ, ಜಗುಲಿಯಲ್ಲಿ ಮಲಗು. ಅಷ್ಟು ದಿನ ಅಡುಗೆ ನಾನು ಮಾಡುತ್ತೇನೆ.”

ತ್ರಯಂಬಕನಿಗೆ ಅಲ್ಲಿಯವರೆಗೆ ದುಃಖ ಮಾತ್ರ ಇತ್ತು. ಈಗ ಸ್ವಲ್ಪ ಭಯವೂ ಆಯಿತು. ಗುರುಗಳ ಕೈ ಅಡುಗೆಯನ್ನು ಅವನು ಹಿಂದೊಮ್ಮೆ ಉಂಡಿದ್ದ.

ಮೂರನೆಯ ದಿನ ಅವನು ಮೆಲ್ಲಗೆ ಹೇಳಿದ, “ಗುರುಗಳೇ, ಸಾರಿಗೆ ಉಪ್ಪಿಲ್ಲ.”

“ಸೂತಕದವರಿಗೆ ಸಪ್ಪೆಯೇ ಶಾಸ್ತ್ರ,” ಅಂದರು ಗುರುಗಳು.

ಅವರ ಎಲೆಯ ಸಾರಿಗೂ ಉಪ್ಪಿರಲಿಲ್ಲ.

ಆರನೆಯ ದಿನ ತ್ರಯಂಬಕನ ತಂಗಿ ಶಾಂಭವಿ ಬಂದಳು. ಸೊಂಟದ ಮೇಲೆ ವರ್ಷದ ಮಗು.

“ಅಣ್ಣ, ಬರೋ ಗುರುವಾರ ಮಗೂಗೆ ಜವಳ. ಮೊದಲ ಕೂದಲು ಸೋದರಮಾವನ ತೊಡೆ ಮೇಲೇ ತೆಗೆಸಬೇಕು. ನೀನು ಬುಧವಾರವೇ ಬಂದುಬಿಡು... ಅಯ್ಯೋ, ಇದೇನು ನಿನ್ನ ತಲೆ?”

“ಸೂತಕ.”

ಶಾಂಭವಿ ಎದೆಯ ಮೇಲೆ ಕೈ ಇಟ್ಟುಕೊಂಡಳು. “ಯಾರದು? ಅಪ್ಪ ಈಗಷ್ಟೇ ನನ್ನನ್ನ ಬಸ್ಸು ಹತ್ತಿಸಿ ಹೋದರಲ್ಲ!”

“ಹಳ್ಳದ್ದು.”

“ಯಾವ ಹಳ್ಳದ್ದು?”

ಅವನು ಬೆರಳು ತೋರಿಸಿದ. ಅವಳು ಒಣ ಮರಳನ್ನು ನೋಡಿದಳು. ಅಣ್ಣನ ತಲೆ ನೋಡಿದಳು.

“ಹಾಗಾದರೆ ನನಗೂ ಹಿಡೀತು ಬಿಡು. ನಾವಿಬ್ಬರೂ ಈಜು ಕಲಿತದ್ದು ನಮ್ಮೂರಲ್ಲಿ ಹರಿಯೋ ಇದೇ ಹಳ್ಳದಲ್ಲಿ ತಾನೇ? ಆದರೆ ನಾನು ಕೊಟ್ಟ ಹೆಣ್ಣು, ತವರಿನ ಸೂತಕ ನನಗೆ ಮೂರೇ ದಿನ. ಆಗಲೇ ಕಳೀತು.”

“ತಮಾಷೆ ಮಾಡಬೇಡ, ಶಾಂಭವಿ.”

“ತಲೆ ಬೋಳಿಸಿಕೊಂಡವನು ನೀನು. ತಮಾಷೆ ನನ್ನದಾ?”

ತ್ರಯಂಬಕ ಮಗುವಿನ ಕಡೆ ನೋಡಲಿಲ್ಲ. ಬಂದಾಗಿನಿಂದಲೂ ನೋಡಿರಲಿಲ್ಲ.

“ನಾನು ಬರೋದಿಲ್ಲ. ಇದು ನನ್ನ ವಯಸ್ಸಿಗೆ ಬರೋ ಹೊತ್ತಿಗೆ ಏನು ಉಳಿದಿರುತ್ತೆ ಹೇಳು? ಎಂಥ ಬಿಸಿಲಿರುತ್ತೆ? ಎಲ್ಲಿಯ ನೀರು ಕುಡಿಯುತ್ತೆ? ಇಷ್ಟು ಗೊತ್ತಿದ್ದೂ ಇದನ್ನ ತೊಡೆ ಮೇಲೆ ಕೂರಿಸಿಕೊಂಡು ನಾನು ಹೇಗೆ ನಗಲಿ?”

“ನಗು ಅಂತ ಯಾರು ಕರೆದರು ನಿನ್ನ?” ಅವಳ ದನಿ ಇಳಿಯಿತು. “ನನಗೆ ನಿದ್ದೆ ಬರುತ್ತೆ ಅಂದುಕೊಂಡೆಯಾ? ಹೆತ್ತವಳು ನಾನು. ನನಗಿರೋನು ಒಬ್ಬನೇ ಅಣ್ಣ. ನೀನು ಬರದಿದ್ದರೆ ಜವಳವೂ ಇಲ್ಲ, ಗಿವಳವೂ ಇಲ್ಲ. ಮಗು ಜಡೆಗಟ್ಟಿಕೊಂಡೇ ಬೆಳೀಲಿ.”

ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಹೊರಟೇಹೋದಳು.

ಗುರುಗಳು ಜಗುಲಿಯ ಆ ಕೊನೆಯಲ್ಲಿ ಕೂತು ಬದನೆಕಾಯಿ ಹೆಚ್ಚುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. ಬದನೆಕಾಯಿ ಹೆಚ್ಚಿ ಮುಗಿಸಿದರು.

ಹತ್ತನೆಯ ದಿನ ಸಂಜೆ ಅವರು ಹೇಳಿದರು, “ನಾಳೆ ಸ್ನಾನ ಮಾಡಿ ಒಳಗೆ ಬಾ. ನಾಡಿದ್ದು ಜವಳ.”

“ಇಲ್ಲ ಗುರುಗಳೇ, ಸೂತಕ ಮುಗಿದಿಲ್ಲ.” ತ್ರಯಂಬಕ ಉತ್ತರ ಸಿದ್ಧ ಮಾಡಿಕೊಂಡೇ ಕೂತಿದ್ದ. “ಎರಡನೆಯ ದಿನ ಮರಳಿನಲ್ಲಿ ಮೀನು ಸತ್ತು ಒಣಗಿದ್ದವು. ಐದನೆಯ ದಿನ ಮಾವಿನ ಹೂವೆಲ್ಲ ಬಿಸಿಲಿಗೆ ಕಮರಿ ಉದುರಿತು. ಏಳನೆಯ ದಿನ ಫೋನಿನಲ್ಲಿ ನೋಡಿದೆ, ಉತ್ತರದಲ್ಲೆಲ್ಲೋ ಹಿಮದ ಗುಡ್ಡವೊಂದು ಕರಗಿ ಕುಸಿಯಿತು. ಒಂದೊಂದಕ್ಕೂ ಹತ್ತು ಹತ್ತು ದಿನ ಹಿಡಿದರೆ ಈ ಜನ್ಮದಲ್ಲಿ ನಾನು ಒಳಗೆ ಬರುವ ಹಾಗಿಲ್ಲ.”

“ಅದರಲ್ಲಿ ಯಾವುದೂ ಸುಳ್ಳಲ್ಲ,” ಅಂದರು ಗುರುಗಳು. “ಆದರೆ ಶಾಸ್ತ್ರ ಹಿಡಿದ ಮೇಲೆ ಪೂರ್ತಿ ಹಿಡಿಯಬೇಕಪ್ಪಾ. ಒಂದು ಸೂತಕದ ಒಳಗೆ ಇನ್ನೊಂದು ಸಾವು ಬಂದರೆ, ಅದೂ ಮೊದಲನೆಯದರ ಜೊತೆಗೇ ಕಳೆಯುತ್ತದೆ.”

“ಎಲ್ಲವೂ?”

“ಎಲ್ಲವೂ.”

“ಇದು ಅನ್ಯಾಯ! ಆಮೇಲೆ ಹೋದವರಿಗೆ ಅಳುವುದು ಬೇಡವೇ?”

“ಪ್ಲೇಗು ಬಂದ ಕಾಲದಲ್ಲಿ ಒಂದೇ ಮನೆಯಿಂದ ವಾರಕ್ಕೆ ಐದು ಹೆಣ ಎದ್ದದ್ದುಂಟು. ಒಂದೊಂದಕ್ಕೂ ಹತ್ತು ದಿನ ಹೊರಗೆ ಕೂತಿದ್ದರೆ, ಒಳಗೆ ಜ್ವರದಲ್ಲಿ ಮಲಗಿದ ಆರನೆಯವನಿಗೆ ಗಂಜಿ ಕಾಯಿಸುವವರು ಯಾರು? ದುಃಖಕ್ಕೆ ಗಡುವಿಲ್ಲ, ತ್ರಯಂಬಕ. ಎಷ್ಟು ದಿನ ಬೇಕಾದರೂ ಇಟ್ಟುಕೋ. ಸೂತಕಕ್ಕೆ ಗಡುವಿದೆ.”



ಬುಧವಾರ ಬೆಳಿಗ್ಗೆ ಅವನು ಕೊಡ ಹಿಡಿದು ಬಾವಿಯ ಕಡೆ ಹೊರಟ. ಗುರುಗಳು ಅಡ್ಡ ನಿಂತರು.

“ಹಳ್ಳದ ಸೂತಕ ಬಾವಿಯಲ್ಲಿ ಕಳೆಯುತ್ತದೆಯೇ? ಹಳ್ಳದಲ್ಲೇ ಮೀಯಬೇಕು.”

“ಅಲ್ಲಿ ನೀರೇ ಇಲ್ಲವಲ್ಲ, ಗುರುಗಳೇ!”

ಗುರುಗಳು ಕೊಡ ಇಸಿದುಕೊಂಡು ಸಲಿಕೆ ಕೊಟ್ಟರು.

ಈ ನಿಯಮ ಯಾವ ಗ್ರಂಥದಲ್ಲಿದೆ ಅಂತ ಆಮೇಲೆ ಬಹಳ ಜನ ಹುಡುಕಿದರು. ಸಿಗಲಿಲ್ಲ.

ತ್ರಯಂಬಕ ಹಳ್ಳದ ನಡುವೆ ತೋಡತೊಡಗಿದ. ಮೊಣಕಾಲುದ್ದ ಬರೀ ಕಾದ ಮರಳು. ಸೊಂಟದುದ್ದಕ್ಕೆ ಬರುವಾಗ ಮರಳು ತಣ್ಣಗಾಯಿತು. ಎದೆಯುದ್ದಕ್ಕೆ ಕೆಸರು ನೀರು ಒಸರಿತು. ಅದು ತಿಳಿಯಾಗುವ ಹೊತ್ತಿಗೆ ಮಧ್ಯಾಹ್ನ.

ಅಷ್ಟರಲ್ಲಿ ಎರಡು ನಾಯಿ, ಒಂದು ಕರು ಗುಂಡಿಯ ಅಂಚಿಗೆ ಬಂದು ನಿಂತಿದ್ದವು. ಗುರುಗಳು ತಂದುಕೊಟ್ಟ ಕೊಡದಲ್ಲಿ ಅವಕ್ಕೆ ಮೊಗೆದು ಕೊಟ್ಟ. ಉಳಿದ ನೀರನ್ನು ತಲೆಯ ಮೇಲೆ ಸುರಿದುಕೊಂಡ.

“ಗುರುಗಳೇ! ಹಳ್ಳ ಸತ್ತಿಲ್ಲ!”

“ಸತ್ತಿತು ಅಂತ ನಾನು ಯಾವಾಗ ಹೇಳಿದೆ?”

“ಹಾಗಾದರೆ ಉಳಿಯುತ್ತದೆಯೇ?”

“ಗೊತ್ತಿಲ್ಲ.”

“ಮಗು ದೊಡ್ಡದಾಗುವ ಹೊತ್ತಿಗೆ?”

“ಅದೂ ಗೊತ್ತಿಲ್ಲ.”

ತ್ರಯಂಬಕ ಗುಂಡಿಯೊಳಗೇ ನಿಂತಿದ್ದ. “ಮತ್ತೆ ನಾನು ಯಾವ ಮುಖ ಇಟ್ಟುಕೊಂಡು ಹೋಗಲಿ?”

“ಇರುವುದನ್ನೇ ಇಟ್ಟುಕೊಂಡು ಬಾ. ಐದೂವರೆಗೆ ಬಸ್ಸಿದೆ.”

ಶಾಂಭವಿ ಬಾಗಿಲಲ್ಲಿ ಅಣ್ಣನನ್ನು ನೋಡಿ ಕಾಲಿಗೆ ನೀರು ಕೊಟ್ಟಳು. ಮಾರನೆಯ ಬೆಳಿಗ್ಗೆ ನಡುಮನೆಯಲ್ಲಿ ಮಣೆ ಹಾಕಿ ಅವನನ್ನು ಕೂರಿಸಿ, ತೊಡೆಯ ಮೇಲೆ ಮಗುವನ್ನು ಕೂರಿಸಿದಳು.

ಮಗು ಮಾವನ ಬೋಳು ತಲೆಗೆ ಎರಡು ಏಟು ಹಾಕಿ ನಕ್ಕಿತು.

ಕ್ಷೌರಿಕ ಮಗುವಿನ ಕೂದಲು ನೆನೆಸಿದ. ಕತ್ತಿ ಮಸೆದ. ಕತ್ತಿ ಹತ್ತಿರ ಬಂದದ್ದೇ ತಡ, ಮಗು ಕಿರುಚತೊಡಗಿತು. ತ್ರಯಂಬಕ ಅದನ್ನು ಎರಡೂ ಕೈಯಲ್ಲಿ ಹಿಡಿದ. ಬೆಚ್ಚಗಿತ್ತು. ಒದೆಯುತ್ತಿತ್ತು. ಇಷ್ಟು ಹಗುರ ಇರುತ್ತದೆ ಅಂತ ಅವನು ಅಂದುಕೊಂಡಿರಲಿಲ್ಲ.

“ಗುರುಗಳೇ, ನನ್ನ ಕೈಲಾಗುವುದಿಲ್ಲ. ಕಣ್ಣು ತುಂಬಿ ಬರುತ್ತಿದೆ.”

ಗುರುಗಳು ಪಕ್ಕದಲ್ಲೇ ಕೂತು ಚಕ್ಕುಲಿ ಮುರಿಯುತ್ತಿದ್ದರು.

“ಬರಲಿ,” ಅಂದರು. “ಕಣ್ಣು ಏನಾದರೂ ಮಾಡಿಕೊಳ್ಳಲಿ. ಮಗುವಿನ ತಲೆಯ ಮೇಲೆ ಕತ್ತಿ ಇದೆ, ತೊಡೆ ಅಲುಗಬಾರದು.”