ಗದ್ದುಗೆಯ ಸುತ್ತಲಿನ ಬೇಲಿ

ಹೊನ್ನೆಗುಂಡಿಯ ಶ್ರೀ ಶಂಭುಲಿಂಗಜ್ಜನವರ ಮಠವೆಂದರೆ ಒಂದು ಕಲ್ಲಿನ ಕೋಣೆ, ಅದರ ಮುಂದೆ ಹಿರಿಯ ಗುರುಗಳ ಗದ್ದುಗೆ, ಗದ್ದುಗೆಯ ಸುತ್ತ ಹೂಬಿಟ್ಟ ಬೇಲಿ, ಅಷ್ಟೇ. ಬೇಲಿಯಾಚೆ ಊರ ದನಗಳೆಲ್ಲ ಮೇಯುವ ಗಾಯರಾಣ.

ಆ ವರ್ಷ ಅದು ಹೆಸರಿಗೆ ಮಾತ್ರ ಗಾಯರಾಣ. ಲಂಟಾನದ ಕಂಟಿ ಆಳೆತ್ತರ ಬೆಳೆದು ಹುಲ್ಲನ್ನೆಲ್ಲ ನುಂಗಿತ್ತು. ಊರವರು ಕಡಿದರು, ಸುಟ್ಟರು, ಮತ್ತೆ ಚಿಗುರಿತು. ಹಸಿದ ದನಗಳು ಅದರ ಸೊಪ್ಪನ್ನೇ ತಿಂದು, ಕಣ್ಣು ಹಳದಿಯಾಗಿ, ಮೂತಿಯ ಚರ್ಮ ಸುಲಿದು ಮೇವು ಬಿಟ್ಟವು. ಬಾಳವ್ವನ ಒಂದು ಆಕಳು ಸತ್ತೇ ಹೋಯಿತು. ಉಳಿದವನ್ನಾದರೂ ಮಾರಿಬಿಡೋಣವೆಂದು ಊರವರು ದನದ ದಲ್ಲಾಳಿ ಉಳವಪ್ಪನಿಗೆ ಹೇಳಿಕಳಿಸಿದರು. ಅಜ್ಜನವರ ಅಪ್ಪಣೆಯೊಂದು ಬಾಕಿ ಇತ್ತು.

ಉಳವಪ್ಪ ಸಂತೆಯಲ್ಲಿ ಬೆಳೆದವನು. ಕಾವಿ ಕಂಡರೆ ಕೈಮುಗಿಯುವ ಮೊದಲು ಅದರ ನೇಯ್ಗೆ ನೋಡುವ ಮನುಷ್ಯ. ದನ ಸಸ್ತಾ ಸಿಗುವ ಊರಿದು ಎಂಬ ಹುರುಪಿನಲ್ಲೇ ಊರವರೊಡನೆ ಮಠಕ್ಕೆ ಬಂದ. ಬೇಲಿಯಾಚೆ ಗಾಯರಾಣದಲ್ಲಿ ಅಜ್ಜನವರು ಒಬ್ಬರೇ ಕಬ್ಬಿಣದ ಹಾರಿ ಹಿಡಿದು ಕಂಟಿಯ ಬೇರು ಮೀಟುತ್ತಿದ್ದರು.

“ಎಷ್ಟು ಕಿತ್ತೀರಿ ಅಜ್ಜಾರ?”

“ಸದ್ಯಕ್ಕ ಇದೊಂದು,” ಎಂದರು ಅಜ್ಜನವರು.

ಉಳವಪ್ಪ ನಕ್ಕ. “ನೀವು ಇಲ್ಲಿ ಒಂದು ಕೀಳೂದ್ರಾಗ ಹಕ್ಕಿ ಅಲ್ಲಿ ನೂರು ಬಿತ್ತತಾವ್ರಿ. ಬೀಜದ ಅಂಗಡಿ ನಿಮ್ಮ ಮಠದಾಗ ಐತಿ! ಆ ಬ್ಯಾಲಿ ನೋಡ್ರಿ, ಅದೂ ಲಂಟಾನನ. ಹಣ್ಣು ತಿನ್ನೂದು ಅಲ್ಲಿ, ಹಿಕ್ಕಿ ಹಾಕೂದು ಇಲ್ಲಿ.”

ಬಾಳವ್ವ ಸಿಡಿದೆದ್ದಳು. “ಏ ದಲ್ಲಾಳಿ, ನಿನ್ನ ಬಾಯಾಗ ಹುಳಾ ಬೀಳಲಿ! ಅದು ಹಿರೇ ಅಜ್ಜಾರು ತಮ್ಮ ಕೈಲೆ ಹಚ್ಚಿದ್ದು. ದಿನಾ ಅದರ ಹೂವಾ ಗದ್ದುಗಿಗೆ ಏರಸ್ತೀವಿ.”

“ಏರಸವ್ವಾ. ನಿನ್ನ ಆಕಳಾನೂ ಏರಿಸಿದಂಗಾತು.”

ಅಂದ ಮೇಲೆ ಅವನೇ ನಾಲಿಗೆ ಕಚ್ಚಿಕೊಂಡ. ಬಾಳವ್ವನ ಕಣ್ಣು ತುಂಬಿತ್ತು. ಅಜ್ಜನವರು ಮಾತ್ರ ಸಿಟ್ಟಾಗಲಿಲ್ಲ. ಬೇಲಿಯನ್ನು ಬಹಳ ಹೊತ್ತು ನೋಡಿದರು. ಎದ್ದುಹೋಗಿ ಗದ್ದುಗೆಗೆ ದೀರ್ಘದಂಡ ನಮಸ್ಕಾರ ಮಾಡಿದರು. ಬಳಿಕ ಹಾರಿಯನ್ನು ಬೇಲಿಯ ಬುಡಕ್ಕೇ ಇಟ್ಟರು.

“ಬ್ಯಾಡ್ರಿ ಯಪ್ಪಾ! ಗುರುಗಳ ಶಾಪ ತಟ್ಟತೈತಿ!” ಎಂದು ಬಾಳವ್ವ ಹಾರಿಯನ್ನೇ ಹಿಡಿದುಕೊಂಡಳು.

“ಗುರುಗಳು ಹೂವು ಹಚ್ಚಿದ್ರು, ತಾಯಿ. ಹಸಿವು ಹಚ್ಚಿರಲಿಲ್ಲ.”

ಅವಳ ಕೈ ತಾನಾಗಿ ಸಡಿಲವಾಯಿತು. ಮೊದಲ ಬುಡ ಮೇಲೆದ್ದಿತು. ಆಮೇಲೆ ಅಜ್ಜನವರು ಉಳವಪ್ಪನತ್ತ ತಿರುಗಿ, “ನೀನು ವ್ಯಾಪಾರಕ್ಕ ಬಂದಾವ. ಬಾ, ಕೈ ಹಿಡಿ,” ಎಂದರು.

ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಉಳವಪ್ಪ ರೂಢಿಯಂತೆ ಇಬ್ಬರ ಕೈಮೇಲೂ ಟವೆಲ್ ಹಾಸಿದ. ಯಾವ ಕೈ ಹಣದ ಗರಜಿನದು, ಯಾವುದು ಸಂಜೆಯೊಳಗೆ ಸೋಲುವಂಥದು ಎಂದು ಮುಟ್ಟಿದರೆ ಸಾಕು, ಅವನಿಗೆ ಗೊತ್ತಾಗುತ್ತಿತ್ತು. ಅಜ್ಜನವರ ಕೈ ಮುಳ್ಳು ಗೀರಿ ರಕ್ತದಿಂದ ಅಂಟುತ್ತಿತ್ತು. ಆದರೆ ಹಿಡಿಯಲು ಒಂದು ಬೆರಳೂ ಸಿಗಲಿಲ್ಲ. ಮುಷ್ಟಿ ಕಲ್ಲಿನಂತೆ ಬಿಗಿದಿತ್ತು.

“ಬೆರಳು ಬಿಡಿಸ್ರಿ ಅಜ್ಜಾರ. ಎಷ್ಟಂತ ತಿಳೀವಲ್ದು.”

“ಮಾರೂದಿಲ್ಲ ಅಂತ.”

ಅಂಥ ಕೈಯನ್ನು ಉಳವಪ್ಪ ಯಾವ ಸಂತೆಯಲ್ಲಿಯೂ ಹಿಡಿದಿರಲಿಲ್ಲ. ಟವೆಲ್ ಕೊಡವಿ ತನ್ನೂರಿಗೆ ಹೋದವನು ಮರುದಿನ ಹೆಗಲ ಮೇಲೆ ಹಾರಿ ಹೊತ್ತು ಬಂದ.

“ಈಗೇನು ಬೇರಿನ ದಲ್ಲಾಳಿಕಿ ಸುರು ಮಾಡಿಯೇನೋ?” ಎಂದಳು ಬಾಳವ್ವ.

“ಹೂಂ ಯವ್ವಾ. ಇನ್ನೂ ಕಲೀಲಿಕ್ಹತ್ತೀನಿ.”

ಬೇಸಿಗೆಯೆಲ್ಲ ಊರೇ ಅಗೆಯಿತು. ಮೊದಲು ಬೇಲಿ ಹೋಯಿತು, ಆಮೇಲೆ ಗಾಯರಾಣದ ಕಂಟಿ. ಮುಂಗಾರು ಬಿತ್ತು. ಅಗೆದ ನೆಲದ ತುಂಬ, ಕೊತ್ತಂಬರಿ ಬಿತ್ತಿದಂತೆ, ಲಂಟಾನದ ಎಳೆಸಸಿ ಎದ್ದು ನಿಂತಿತು! ಊರವರು ಹಾರಿ ಕೆಳಗಿಟ್ಟರು. “ಆವಾಗ ಮಾರಿದ್ರ ಚಲೋ ಇತ್ತು,” ಎಂದರು ಯಾರೋ. ಎಲ್ಲರೂ ಅಜ್ಜನವರ ಮುಖ ನೋಡಿದರು.

ಅಜ್ಜನವರು ಬಾಯಿ ತೆರೆಯುವ ಮೊದಲೇ ಉಳವಪ್ಪ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕುಳಿತ. ಒಂದು ಸಸಿಯನ್ನು ಬೇರುಸಹಿತ ಎಳೆದು ಎಲ್ಲರಿಗೂ ಕಾಣುವಂತೆ ಎತ್ತಿಹಿಡಿದ. “ಇನ್ನೂ ಎಳೇವು ಅದಾವ್ರಿ. ಹಾರಿ ಬ್ಯಾಡ, ಬೆರಳಿಗೇ ಬರತಾವ. ಹೂ ಬಿಡೂದ್ರಾಗ ಮುಗಿಸೂಣು, ಬರ್ರಿ!”

ಅಜ್ಜನವರು ಬಂದು ಅವನ ಬಲಕ್ಕೆ ಕುಳಿತರು. ಅವರ ಪಕ್ಕ ಬಾಳವ್ವ ಸೆರಗು ಕಟ್ಟಿ ಕುಳಿತಳು. ಹೊತ್ತೇರುವುದರೊಳಗೆ ಆ ಸಾಲು ಗಾಯರಾಣದ ಈ ಅಂಚಿನಿಂದ ಆ ಅಂಚಿಗೆ ಮುಟ್ಟಿತ್ತು.