ಬತ್ತಾಸಿನ ಮೊದಲ ರಕ್ತ

ಒಂದು ದೊಡ್ಡ ಪ್ರಯೋಗಶಾಲೆಯಲ್ಲಿ ಹಾಲಪ್ಪ ಎನ್ನುವವನು ಮೊಲಗಳನ್ನು ನೋಡಿಕೊಳ್ಳುತ್ತಿದ್ದ. ಅವನ ಬಿಳಿ ಮೊಲ ಬತ್ತಾಸನ್ನು ನೀವು ನೋಡಬೇಕಿತ್ತು. ಒಂದು ಕಿವಿ ಹಾಸಿ ಇನ್ನೊಂದು ಹೊದ್ದರೆ ಮಾಗಿಯ ಚಳಿಯೂ ಹತ್ತಿರ ಸುಳಿಯುತ್ತಿರಲಿಲ್ಲ. ಹಾಲಪ್ಪ ಮೂರು ಹರದಾರಿ ದೂರದಲ್ಲಿರುವಾಗಲೇ ಅವನ ಹೆಜ್ಜೆಯ ಗುರುತು ಹಿಡಿದು ಎದ್ದು ನಿಲ್ಲುತ್ತಿತ್ತು.

ಅಲ್ಲಿಯ ವಿಜ್ಞಾನಿ ವಾರಿಜಮ್ಮ ಒಂದು ಪ್ರೋಟೀನಿನ ಬೆನ್ನು ಹತ್ತಿದ್ದರು. ನಮ್ಮ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾ ಎನ್ನುವ ಪುಟಾಣಿ ಒಲೆಗಳಿವೆ. ಆ ಒಲೆಗೂ ಡಿಎನ್‌ಎ ಎನ್ನುವ ತನ್ನದೇ ಒಂದು ಬರಹವಿದೆ; ಅದನ್ನು ನಕಲು ಮಾಡಿಸುವುದು ಈ ಪ್ರೋಟೀನು. ಕಣ್ಣಿಗೆ ಕಾಣದ ಅದನ್ನು ಹಿಡಿದು ತೋರಿಸಲು ಪ್ರತಿಕಾಯ ಬೇಕು. ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ ಅದರ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ. ಬತ್ತಾಸಿಗೆ ಚುಚ್ಚಿದರು. ಎರಡು ತಿಂಗಳ ಮೇಲೆ ಕಿವಿಯಿಂದ ಚೂರು ರಕ್ತ ತೆಗೆದು ಪರೀಕ್ಷಿಸಿದರೆ, ಪರೀಕ್ಷೆಯ ಪಟ್ಟಿಯ ಮೇಲೆ ಆ ಪ್ರೋಟೀನು ಇರಬೇಕಾದ ಜಾಗದಲ್ಲೇ ಕಪ್ಪು ಗೆರೆ ಮೂಡಿತು; ಪ್ರತಿಕಾಯ ಹುಟ್ಟಿದೆ ಎಂದು ಅದರ ಅರ್ಥ.

ಹಾಲಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನಮ್ಮ ಬತ್ತಾಸು ಹುಲ್ಲಿನ ಜೊತೆ ವಿದ್ಯೆನೂ ಮೇಯ್ದೈತೆ" ಎಂದು ಕ್ಯಾಂಟೀನಿನಲ್ಲಿ ಕೊಚ್ಚಿಕೊಂಡ.

"ಹಂಗಾದ್ರೆ ನಾಳೆಯಿಂದ ಅದಕ್ಕೂ ಒಂದು ಕುರ್ಚಿ ಹಾಕ್ಸು ಮಾರಾಯ" ಎಂದ ಅಡುಗೆಯವನು; ಕ್ಯಾಂಟೀನೆಲ್ಲ ನಕ್ಕಿತು.

ಸಂಜೆ ವಾರಿಜಮ್ಮ ಬಂದರು. "ಚುಚ್ಚೋ ಮೊದಲು ತೆಗೆದಿಟ್ಟ ರಕ್ತ ಇದೆಯಲ್ಲ ಹಾಲಪ್ಪ, ಅದನ್ನೂ ನೋಡಿಬಿಡೋಣ. ಅದರಲ್ಲಿ ಗೆರೆ ಬರಬಾರದು. ಬಂದರೆ, ಇದು ಹಿಡೀತಿರೋದು ಬೇರೆ ಏನನ್ನೋ."

ಪ್ರತಿಕಾಯ ಕೊಡದೆ ಸೋತ ಮೊಲವನ್ನು ಸಾಕುವವರ ಮನೆಗೆ ಕೊಡುವುದು ಅಲ್ಲಿಯ ವಾಡಿಕೆ. ಗೆದ್ದ ಮೊಲದ ರಕ್ತವನ್ನೆಲ್ಲ ಬಸಿದುಕೊಳ್ಳುವುದೂ ವಾಡಿಕೆಯೇ. ಹಾಲಪ್ಪನಿಗೆ ಎರಡೂ ಗೊತ್ತು. ಆದರೆ ಆ ಹೊತ್ತಿಗೆ ಕಣ್ಣ ಮುಂದೆ ಬಂದದ್ದು ಕ್ಯಾಂಟೀನಿನ ನಗು.

"ನನ್ನ ಮೊಲದ ಮೇಲೇ ಅನುಮಾನವಾ ಅಮ್ಮಾವ್ರೆ? ಇದರ ರಕ್ತ ಸುಳ್ಳು ಹೇಳಲ್ಲ, ಬರೆದಿಟ್ಕೊಳ್ಳಿ" ಎಂದ.

ವಾರಿಜಮ್ಮನಿಗೂ ಅವಸರವಿತ್ತು. ಬೇರೆ ಊರಿನ ಪ್ರಯೋಗಶಾಲೆಗಳು ಆಗಲೇ ಪ್ರತಿಕಾಯ ಕೇಳುತ್ತಿದ್ದವು. "ಸರಿ ಬಿಡು. ಹಾಗಾದರೆ ಪೂರ್ತಿ ರಕ್ತ ಬೇಕಾಗುತ್ತೆ" ಎಂದರು.

ತಡೆಯಿರಿ, ಮೊದಲ ರಕ್ತವನ್ನು ನೋಡೇಬಿಡೋಣ ಎನ್ನಲು ಹಾಲಪ್ಪ ಬಾಯಿ ತೆರೆದ. ಆಡಿದ ಮಾತು ಹಿಂತೆಗೆದುಕೊಂಡರೆ ಕ್ಯಾಂಟೀನು ಮತ್ತೆ ನಗುತ್ತದೆಂದು ಗೂಡಿನ ಕಡೆ ನಡೆದುಬಿಟ್ಟ. ಮರುದಿನ ಮದ್ದು ಕೊಟ್ಟು ಮಲಗಿಸುವ ತನಕ ಬತ್ತಾಸು ಅವನ ಅಂಗೈ ನೆಕ್ಕುತ್ತಲೇ ಇತ್ತು.

ವಾರ ಕಳೆಯಿತು. ಮನಸ್ಸು ತಡೆಯದೆ ವಾರಿಜಮ್ಮ ಮೊದಲ ರಕ್ತವನ್ನು ಪರೀಕ್ಷಿಸಿದರು. ಅದೇ ಜಾಗ, ಅದೇ ಗೆರೆ, ಅಷ್ಟೇ ಕಪ್ಪು. ಚುಚ್ಚುವ ಮೊದಲೇ ಆ ರಕ್ತ ಬೇರೆ ಯಾವುದನ್ನೋ ಹಿಡಿಯುತ್ತಿತ್ತು.

ತಾವೇ ಮೊಲದ ಮನೆಗೆ ನಡೆದು ಬಂದು ಹೇಳಿದರು. "ತಪ್ಪು ನಂದು ಹಾಲಪ್ಪ. ನೋಡಬೇಕಾದವಳು ನಾನು."

ಹಾಲಪ್ಪ ತಲೆ ಎತ್ತಲಿಲ್ಲ. "ಸೋತಿದ್ರೆ ಯಾರದೋ ಹಿತ್ತಲಲ್ಲಿ ಕುಣ್ಕಂಡಿರ್ತಿತ್ತಮ್ಮ. ಗೆಲ್ಲಿಸಿದೋನು ನಾನು" ಎಂದ.

ನೀತಿ: ಹೌದೆನ್ನುವ ಸಾಕ್ಷಿ ಸಿಕ್ಕಿತೆಂದು ಹಿಗ್ಗಬೇಡಿ, ಇಲ್ಲವೆನ್ನಬೇಕಾದ ಕಡೆ ಅದು ಇಲ್ಲವೆನ್ನುತ್ತದೋ ನೋಡಿ. ಪರೀಕ್ಷಿಸದೆ ಹೊಗಳಿದ ಬಾಯಿಗೆ ಏನೂ ಆಗುವುದಿಲ್ಲ, ಹೊಗಳಿಸಿಕೊಂಡ ಜೀವ ಹೋಗುತ್ತದೆ.